ಕಫ್ಜೆಯ ಸಮಾಧಿಯೂ ಆದಿಕಾಂಡವೂ

ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರನು ಬೈಬಲ್ಲಿನ ವಂಶಾವಳಿಗಳನ್ನು ಆಧರಿಸಿ ಕಾಲಗಣನೆ ಮಾಡಿ, ಜಗತ್ಸೃಷ್ಟಿಯು ಕ್ರಿ. ಪೂ. 4004ರಲ್ಲಿ ಆಯಿತೆಂದು 1650ರಲ್ಲಿ ಪ್ರಕಟಿಸಿದನು. ಆದರೆ ಏಸುವು ಬೆಳೆದ ನಜರೇತಿನ ಸಮೀಪದಲ್ಲಿಯೇ ಇರುವ ಕಫ್ಜೆ ಗುಹೆಯಲ್ಲಿ ಸುಮಾರು 92,000 ವರ್ಷಗಳಷ್ಟು ಪ್ರಾಚೀನವಾದ ಮಾನವ ಸಮಾಧಿಗಳು ದೊರೆತಿವೆ. ಅವುಗಳಲ್ಲೊಂದರಲ್ಲಿ ಹರೆಯಕ್ಕೆ ಕಾಲಿಡುತ್ತಿದ್ದ ಮಗುವಿನ ಎದೆಯ ಬಳಿ ಜಿಂಕೆಯ ಕೊಂಬುಗಳನ್ನು ಇರಿಸಲಾಗಿತ್ತು. ಗುಹೆಯಲ್ಲಿ ಕಾವಿಕಲ್ಲಿನ ತುಂಡುಗಳೂ ಸಿಕ್ಕಿವೆ.

ಇದರಿಂದ ಆ ಜನರಿಗೆ ದೇವರಲ್ಲಿ ನಂಬಿಕೆಯಿತ್ತೆಂದು ಸಿದ್ಧವಾಗುವುದಿಲ್ಲ. ಸತ್ತವರನ್ನು ಅವರು ಕೇವಲ ಹೆಣವೆಂದು ಬಿಸುಡಲಿಲ್ಲವೆಂಬುದಷ್ಟೇ ಸ್ಪಷ್ಟ. ಹಾಗಾದರೆ ಆದಿಕಾಂಡವು ಸುಳ್ಳಾಯಿತೇ? ಸುಳ್ಳಾದುದು ಅಷರನ ಲೆಕ್ಕ. ಸೃಷ್ಟಿಯಾಗಿ ಇಷ್ಟು ವರ್ಷಗಳಾದುವೆಂದು ಆ ಗ್ರಂಥವು ಎಲ್ಲಿಯೂ ಮೊತ್ತ ಕೂಡಿಸಿ ಹೇಳಿಲ್ಲ. ಮಣ್ಣಿನಿಂದ ರೂಪಿಸಿದ ದೇಹಕ್ಕೆ ದೇವರು ಜೀವಶ್ವಾಸವನ್ನು ಊದಿದನೆಂಬುದೇ ಅದರ ಹೇಳಿಕೆ.

ಈ ಭೇದವನ್ನೇ ಹಿಡಿದು ಹನ್ನೆರಡನೆಯ ಪಯಸ್ ಪೋಪರು 1950ರಲ್ಲಿ ದೇಹದ ವಿಕಾಸವನ್ನು ಕುರಿತ ವಿಚಾರಣೆಗೆ ಎಡೆಗೊಟ್ಟು, ಆತ್ಮವು ನೇರವಾಗಿ ದೇವರ ಸೃಷ್ಟಿಯೆಂಬ ಬೋಧೆಯನ್ನು ಉಳಿಸಿಕೊಂಡರು. ಆದರೂ ಮಾನವಕುಲವೆಲ್ಲ ಒಬ್ಬನೇ ಆದಾಮನ ಸಂತತಿಯೆಂಬ ಅವರ ಪಟ್ಟಿಗೂ, ಮನುಷ್ಯನ ಪೂರ್ವಜರು ಎಂದೂ ಒಂದೇ ದಂಪತಿಗಳಷ್ಟಕ್ಕೆ ಇಳಿದಿರಲಿಲ್ಲವೆನ್ನುವ ಇಂದಿನ ಅನುವಂಶವಿಜ್ಞಾನಕ್ಕೂ ಹೊಂದಿಕೆ ಸುಲಭವಲ್ಲ. ಕಾಲದ ತೊಡಕು ಬಿಡಿಸಿಕೊಂಡಿದೆ; ಕುಲದ ತೊಡಕು ಉಳಿದಿದೆ.