ನಾಗಸಾಕಿ: ಬಂದರಿನಿಂದ ಉರಕಾಮಿಯವರೆಗೆ ಒಂದು ನಡಿಗೆ

ನಾಗಸಾಕಿ ಅಂದ ತಕ್ಷಣ ನಮಗೆ ನೆನಪಾಗೋದು ಒಂದೇ ದಿನ, 1945ರ ಆಗಸ್ಟ್ 9. ಶಾಲೆಯಲ್ಲಿ ಹಿರೋಶಿಮಾದ ಜೊತೆ ಒಂದೇ ಉಸಿರಿನಲ್ಲಿ ಹೇಳಿಕೊಟ್ಟ ಹೆಸರು ಅದು. ಅಲ್ಲಿಗೆ ಹೋಗುವ ಎಷ್ಟೋ ಜನ ರೈಲಿಳಿದು ನೇರವಾಗಿ ಶಾಂತಿ ಉದ್ಯಾನಕ್ಕೆ ಹೋಗಿ, ಸ್ಮಾರಕದ ಮುಂದೆ ನಿಂತು, ಸಂಜೆಯ ರೈಲಿಗೆ ವಾಪಸ್ಸಾಗ್ತಾರೆ. ಬಾಂಬು ಬಿದ್ದ ಜಾಗವನ್ನು ಮೊದಲು ನೋಡಬೇಡಿ, ಕೊನೆಗೆ ನೋಡಿ ಅಂತ ನಾನು ಹೇಳ್ತೀನಿ. ಅಲ್ಲಿದ್ದವರು ಯಾರು ಅನ್ನೋದು ಗೊತ್ತಾಗೋದು ನಡೆದುಕೊಂಡು ಅಲ್ಲಿಗೆ ತಲುಪಿದಾಗ.

ಗೈಡ್ ಬೇಕಿಲ್ಲ. ಹೀಗೆ ಸುಮ್ಮನೆ ಅಡ್ಡಾಡೋದಕ್ಕೆ ಆ ಊರಿನ ಆಡುಮಾತಿನಲ್ಲೇ ಒಂದು ಪದ ಇದೆ, ‘ಸರುಕು’. (ನಮ್ಮ ಸರಕಿಗೂ ಇದಕ್ಕೂ ಸಂಬಂಧ ಇಲ್ಲ.) 2006ರಲ್ಲಿ ಅದೇ ಹೆಸರಿನಲ್ಲಿ ದೊಡ್ಡದೊಂದು ನಡಿಗೆ ಉತ್ಸವ ನಡೆಯಿತು. ನಕ್ಷೆ ಹಿಡಿದು ಗಲ್ಲಿ ಸುತ್ತುವ ಪ್ರವಾಸ ಅಲ್ಲಿಂದ ಜನಪ್ರಿಯವಾಯಿತು. ನಾವು ಹೊರಡೋದು ದಕ್ಷಿಣದ ಗುಡ್ಡದ ಮೇಲಿರುವ ಓವುರಾ ಚರ್ಚಿನಿಂದ, ಮುಟ್ಟೋದು ಉತ್ತರದ ಉರಕಾಮಿ ಕಣಿವೆಗೆ. ದೂರ ಸುಮಾರು 6 ಕಿಲೋಮೀಟರ್. ಕಾಲು ಸೋತರೆ ಟ್ರಾಮ್ ಇದೆ.

ಓವುರಾ ಯಾಕೆ ಅಂದ್ರೆ, 1865ರ ಮಾರ್ಚ್ 17ರಂದು ಇಲ್ಲಿ ಒಂದು ಘಟನೆ ನಡೆಯಿತು. ಚರ್ಚು ಆಗಷ್ಟೇ ಕಟ್ಟಿದ್ದು, ವಿದೇಶಿಯರಿಗಾಗಿ. ಜಪಾನೀಯರಿಗೆ ಕ್ರೈಸ್ತ ಧರ್ಮ 1614ರಿಂದಲೂ ನಿಷಿದ್ಧ. ಅವತ್ತು ಉರಕಾಮಿಯ ಕೆಲವು ರೈತರು ಬಾಗಿಲಲ್ಲಿ ಬಂದು ನಿಂತರು. ಫ್ರೆಂಚ್ ಪಾದ್ರಿ ಪೆತಿಜಾನ್ ಒಳಗೆ ಕರೆದಾಗ ಅವರು ಮೆಲ್ಲಗೆ ಹೇಳಿದ್ದು, ನಾವೂ ನಿಮ್ಮವರೇ, ಮೇರಿಯಮ್ಮನ ಮೂರ್ತಿ ಎಲ್ಲಿದೆ ಅಂತ. ಪಾದ್ರಿಗಳಿಲ್ಲದೆ, ಚರ್ಚಿಲ್ಲದೆ, ಸುಮಾರು 250 ವರ್ಷ ಮನೆಯೊಳಗೇ ಗುಟ್ಟಾಗಿ ಉಳಿಸಿಕೊಂಡು ಬಂದ ನಂಬಿಕೆ ಅದು. ನಮ್ಮ ನಡಿಗೆ ಹೆಚ್ಚುಕಮ್ಮಿ ಆ ರೈತರು ಮನೆಗೆ ಮರಳಿದ ದಿಕ್ಕಿನಲ್ಲೇ ಸಾಗುತ್ತೆ.

ಗುಡ್ಡ ಇಳಿದು ಬಂದರಿನ ಪಕ್ಕ ನಡೆದರೆ ದೆಜಿಮಾ ಸಿಗುತ್ತೆ. 1636ರಲ್ಲಿ ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ಬೀಸಣಿಗೆಯಾಕಾರದ ಪುಟ್ಟ ದ್ವೀಪ. ಮೊದಲು ಪೋರ್ಚುಗೀಸರನ್ನು ಇಟ್ಟರು, ಅವರನ್ನು ಓಡಿಸಿದ ಮೇಲೆ 1641ರಿಂದ ಡಚ್ಚರನ್ನು. ಎರಡು ಶತಮಾನಕ್ಕೂ ಹೆಚ್ಚು ಕಾಲ ಯುರೋಪಿನವರಿಗೆ ಜಪಾನಿನಲ್ಲಿ ವ್ಯಾಪಾರಕ್ಕೆ ಇದ್ದದ್ದು ಇದೊಂದೇ ಕಿಂಡಿ. ಅಪ್ಪಣೆ ಇಲ್ಲದೆ ಸೇತುವೆ ದಾಟುವ ಹಾಗಿರಲಿಲ್ಲ. ನಮ್ಮ ಚೋಳಮಂಡಲ ತೀರದ ಹೂವಿನ ಚಿತ್ತಾರದ ಬಟ್ಟೆ ಡಚ್ ಹಡಗುಗಳಲ್ಲಿ ಇಲ್ಲಿಗೆ ಬರ್ತಿತ್ತು, ಜಪಾನಿನ ತಾಮ್ರ ಅದೇ ಹಡಗುಗಳಲ್ಲಿ ನಮ್ಮ ಕಡೆ ಹೋಗ್ತಿತ್ತು. ಈಗ ಹೋದವರಿಗೆ ಒಂದು ಗೊಂದಲ ಆಗುತ್ತೆ: ದ್ವೀಪ ಅಂದ್ರಲ್ಲ, ಸಮುದ್ರ ಎಲ್ಲಿ? ಆಮೇಲೆ ಸುತ್ತಲೂ ಮಣ್ಣು ತುಂಬಿ ಊರು ಬೆಳೆದುಬಿಟ್ಟಿತು. ಗೋದಾಮು, ಮನೆಗಳನ್ನು ಮತ್ತೆ ಕಟ್ಟಿದ್ದಾರೆ, ಟಿಕೆಟ್ ಇದೆ. ಸಮಯ ಕಮ್ಮಿ ಇದ್ದರೆ ಹೊರಗಿನ ಗೋಡೆಯ ಬಾಗನ್ನಾದರೂ ನೋಡಿ.

ರೈಲು ನಿಲ್ದಾಣ ದಾಟಿದರೆ ನಿಶಿಜಾಕಾ ಅನ್ನೋ ದಿಬ್ಬ. 1597ರ ಫೆಬ್ರವರಿ 5ರಂದು ತೊಯೊತೊಮಿ ಹಿದೆಯೊಶಿಯ ಆಜ್ಞೆಯಂತೆ 26 ಕ್ರೈಸ್ತರನ್ನು ಇಲ್ಲಿ ಶಿಲುಬೆಗೇರಿಸಿದರು. ಚಳಿಗಾಲದಲ್ಲಿ ಕ್ಯೋಟೋ ಕಡೆಯಿಂದ ನಡೆಸಿಕೊಂಡೇ ಬಂದಿದ್ದರು. ಕಂಚಿನ ಆ 26 ಮೂರ್ತಿಗಳಲ್ಲಿ ಒಬ್ಬರು ಗೊನ್ಸಾಲೊ ಗಾರ್ಸಿಯಾ. ಹುಟ್ಟಿದ್ದು ಮುಂಬೈ ಹತ್ತಿರದ ವಸಾಯಿಯಲ್ಲಿ, ತಾಯಿ ಕೊಂಕಣದವರು. 1862ರಲ್ಲಿ ಇವರೆಲ್ಲರನ್ನೂ ಸಂತರೆಂದು ಘೋಷಿಸಲಾಯಿತು.

ಇಲ್ಲಿಂದ ಮುಂದೆ ಊರಿನ ಚಹರೆ ಬದಲಾಗುತ್ತೆ. ಹಳೇ ಕಟ್ಟಡ ಕಾಣೋದು ಕಮ್ಮಿ. ಅವತ್ತಿನ ವಿಮಾನದ ಮೊದಲ ಗುರಿ ಕೊಕುರಾ ನಗರ. ಅಲ್ಲಿ ನೆಲ ಕಾಣದೆ ವಿಮಾನ ಇತ್ತ ತಿರುಗಿತು. ಇಲ್ಲೂ ಮೋಡ. ಬಾಂಬು ಸಿಡಿದದ್ದು ಊರಿನ ನಡುವೆ ಅಲ್ಲ, ಉತ್ತರದ ಉರಕಾಮಿ ಕಣಿವೆಯ ಮೇಲೆ, ಸುಮಾರು 500 ಮೀಟರ್ ಎತ್ತರದಲ್ಲಿ, ಬೆಳಗ್ಗೆ 11 ಗಂಟೆ 2 ನಿಮಿಷಕ್ಕೆ. ಬಂದರಿನ ಹಳೇ ಪೇಟೆಗೆ ಗುಡ್ಡಗಳು ಒಂದಿಷ್ಟು ಅಡ್ಡ ಬಂದವು. ನಾವು ಇಷ್ಟು ಹೊತ್ತು ನೋಡಿದ ಓವುರಾ ಉಳಿದದ್ದು ಹಾಗೆ. ಕಣಿವೆಯಲ್ಲಿದ್ದವರಿಗೆ ಆ ಅಡ್ಡ ಇರಲಿಲ್ಲ. ವರ್ಷದ ಕೊನೆಗೆ ಸತ್ತವರ ಸಂಖ್ಯೆ ಸುಮಾರು 74,000.

ಸಾನ್ನೊ ದೇಗುಲದ ಮೆಟ್ಟಿಲ ಮೇಲೆ ಕಲ್ಲಿನ ಮಹಾದ್ವಾರವೊಂದು ಒಂಟಿ ಕಾಲಲ್ಲಿ ನಿಂತಿದೆ. ಅರ್ಧ ಉರುಳಿತು, ಅರ್ಧ ಹಾಗೇ ಉಳಿಯಿತು. ಮೇಲೆ ಎರಡು ಕರ್ಪೂರದ ಮರಗಳಿವೆ. ಅವತ್ತು ಸುಟ್ಟು ಬೋಳಾಗಿ ಮತ್ತೆ ಚಿಗುರಿದ ಮರಗಳು ಅವು.

ಕೊನೆಗೆ ಉರಕಾಮಿ. ಓವುರಾದ ಬಾಗಿಲಲ್ಲಿ ನಿಂತಿದ್ದ ರೈತರ ಊರು. ಗುಟ್ಟು ಹೊರಬಿದ್ದ ಮೇಲೆ ಸರ್ಕಾರ ಇಲ್ಲಿನ 3,000ಕ್ಕೂ ಹೆಚ್ಚು ಜನರನ್ನು ಗಡಿಪಾರು ಮಾಡಿತ್ತು. 1873ರಲ್ಲಿ ನಿಷೇಧ ಹೋಯಿತು, ಬದುಕಿದ್ದವರು ವಾಪಸ್ ಬಂದರು. ಊರ ಮುಖಂಡನ ಮನೆಯಲ್ಲಿ ಪ್ರತಿ ವರ್ಷ ಅವರ ಕೈಲಿ ಪವಿತ್ರ ಚಿತ್ರವನ್ನು ತುಳಿಸ್ತಿದ್ದರಲ್ಲ, ಆ ಜಾಗವನ್ನೇ ಕೊಂಡುಕೊಂಡು ಅಲ್ಲೇ ಕಲ್ಲು, ಇಟ್ಟಿಗೆಯ ಚರ್ಚು ಕಟ್ಟಿದರು. ಮುಗಿದದ್ದು 1914ರಲ್ಲಿ. ಬಾಂಬು ಸಿಡಿದದ್ದು ಅದರಿಂದ ಸುಮಾರು 500 ಮೀಟರ್ ಆಚೆ. ಇಲ್ಲಿನ ಸುಮಾರು 12,000 ಕ್ರೈಸ್ತರಲ್ಲಿ 8,500 ಮಂದಿ ಸತ್ತರು.

ಹಿರೋಶಿಮಾದವರು ಗುಮ್ಮಟವನ್ನು ಉಳಿಸಿಕೊಂಡರು. ಇಲ್ಲಿ 1958ರಲ್ಲಿ ಚರ್ಚಿನ ಅವಶೇಷ ಕೆಡವಿ, ಮರುವರ್ಷ ಹೊಸದು ಕಟ್ಟಿದರು. ಭಕ್ತರಿಗೆ ಪ್ರಾರ್ಥನೆಗೆ ಜಾಗ ಬೇಕಿತ್ತು, ಅದು ನಿಜ. ಆದರೂ ಗೋಡೆಯ ಒಂದು ತುಂಡು ಮಾತ್ರ ಬಾಂಬ್ ಕೇಂದ್ರದ ಉದ್ಯಾನದಲ್ಲಿ ನಿಂತಿರೋದು ನೋಡಿದರೆ, ಕೆಡವಬಾರದಿತ್ತು ಅಂತಲೇ ಅನ್ನಿಸುತ್ತೆ. ಹೊಸ ಚರ್ಚಿನ ಕೆಳಗೆ, ತೊರೆಯ ದಡದಲ್ಲಿ ಅಂದು ಉರುಳಿದ ಗಂಟೆಗೋಪುರದ ತಲೆ ಈಗಲೂ ಬಿದ್ದಲ್ಲೇ ಇದೆ. ಇಳಿದು ಹೋಗಿ ನೋಡಬೇಕು, ಅನೇಕರು ಮೇಲಿನಿಂದಲೇ ಹೋಗಿಬಿಡ್ತಾರೆ.

ಗೋಪುರಗಳಲ್ಲಿ ಎರಡು ಗಂಟೆಗಳಿದ್ದವು. ಒಂದನ್ನು ಅವಶೇಷದಿಂದ ಅಗೆದು ತೆಗೆದು 1945ರ ಕ್ರಿಸ್‌ಮಸ್ ಹಿಂದಿನ ರಾತ್ರಿಯೇ ಬಾರಿಸಿದರು. ಒಡೆದುಹೋದ ಇನ್ನೊಂದರ ಗೋಪುರ ದಶಕಗಳ ಕಾಲ ಖಾಲಿ ಇತ್ತು. ಅಮೆರಿಕದ ಕ್ಯಾಥೊಲಿಕರು ಹಣ ಕೂಡಿಸಿ ಹೊಸ ಗಂಟೆ ಮಾಡಿಸಿಕೊಟ್ಟರು. 2025ರ ಆಗಸ್ಟ್ 9ರಂದು, 11 ಗಂಟೆ 2 ನಿಮಿಷಕ್ಕೆ, ಎರಡೂ ಒಟ್ಟಿಗೆ ಬಾರಿಸಿದವು.