ಅರಳುಮರಳು ಮತ್ತು ಊಟದ ತಟ್ಟೆ

‘ಅರವತ್ತಕ್ಕೆ ಅರಳುಮರಳು’ ಎನ್ನುತ್ತದೆ ಗಾದೆ. ಆದರೆ ಬೀಗದ ಕೈ ಎಲ್ಲಿಟ್ಟೆನೆಂಬ ಮರೆವು ಬೇರೆ. ಮನೆಯ ದಾರಿಯನ್ನೇ ತಪ್ಪಿಸುವ ಡಿಮೆನ್ಷಿಯಾ ಬೇರೆ. ಅದು ಮುಪ್ಪಿನ ಸಹಜ ಗುಣವಲ್ಲ, ಮಿದುಳಿನ ಕಾಯಿಲೆ.

ಅದರ ಬೇರು ಹುಡುಕುವ ಕೆಲಸ ಗೌರಿಬಿದನೂರಿನ ನಗರಗೆರೆಗೆ ತೀರ ದೂರವಲ್ಲದ ಕೋಲಾರ ಜಿಲ್ಲೆಯಲ್ಲೇ ನಡೆದಿದೆ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ದೀರ್ಘಕಾಲ ಗಮನಿಸುವ ಗುರಿಯೊಡನೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಅಧ್ಯಯನ ಆರಂಭಿಸಿತು.

ಮಿದುಳಿನ ತೂಕ ದೇಹದ ಶೇಕಡ 2ರಷ್ಟು. ಅದು ಬಳಸುವ ಶಕ್ತಿ ಸುಮಾರು ಶೇಕಡ 20. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ರಕ್ತನಾಳ ಕೆಟ್ಟರೆ ಮೊದಲು ಬಳಲುವ ಅಂಗಗಳಲ್ಲಿ ಮಿದುಳೂ ಒಂದು. ಊಟದ ಪಾತ್ರ ಇಲ್ಲಿದೆ. ಸೊಪ್ಪು, ಕಾಳು, ತೌಡು ತೆಗೆಯದ ಧಾನ್ಯ ಹೆಚ್ಚಿರಲಿ, ಸಿಹಿ ಮತ್ತು ಕರಿದದ್ದು ಕಡಿಮೆಯಿರಲಿ ಎಂಬುದು ತಜ್ಞರ ಸಲಹೆ. ರಾಗಿಮುದ್ದೆ, ಬಸ್ಸಾರು, ಅವರೆ, ಹುರುಳಿ ಉಣ್ಣುವ ಸೀಮೆಗೆ ಇದು ಹೊಸತಲ್ಲ. ಉಪ್ಪಿನಕಾಯಿ, ಹಪ್ಪಳದ ಉಪ್ಪಿಗೆ ಮಾತ್ರ ಮಿತಿ ಬೇಕು.

ಹಾಗೆಂದು ಊಟವೊಂದೇ ಮದ್ದಲ್ಲ. ಅಮೆರಿಕದಲ್ಲಿ 604 ಹಿರಿಯರ ಮೇಲೆ ಮೂರು ವರ್ಷ ನಡೆದ ಪ್ರಯೋಗದಲ್ಲಿ ಇಂಥ ಆಹಾರದಿಂದ ವಿಶೇಷ ಲಾಭ ಕಾಣಲಿಲ್ಲವೆಂದು 2023ರಲ್ಲಿ ವರದಿಯಾಯಿತು. ಫಿನ್ಲೆಂಡಿನಲ್ಲಿ ಊಟದ ಜೊತೆಗೆ ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡದ ನಿಗಾ ಸೇರಿದಾಗ ಅಲ್ಪ ಫಲ ಕಂಡಿತ್ತು.

ಇನ್ನೊಂದು ಎಚ್ಚರ ಅಗತ್ಯ. ಸಸ್ಯಾಹಾರದಲ್ಲಿ ಸಿಗದ ಬಿ12 ಜೀವಸತ್ವ ಹಾಲು, ಮೊಟ್ಟೆ, ಮಾಂಸಗಳಲ್ಲಿದೆ. ಅದರ ಕೊರತೆಯಿಂದಲೂ ಮರೆವು ಬರಬಹುದು. ಬೇಗ ಪತ್ತೆಯಾದರೆ ಚಿಕಿತ್ಸೆಯಿಂದ ಸುಧಾರಿಸಲೂಬಹುದು. ಎಲ್ಲವನ್ನೂ ಅರಳುಮರಳೆಂದು ತಳ್ಳಿಹಾಕುವ ಮನೆಯಲ್ಲಿ ಕೈತಪ್ಪುವುದು ಈ ಅವಕಾಶವೇ.