ಗೋಡೆಗೆ ನೀರು ಏರುವುದು ಹೇಗೆ?

ನೀರು ತಗ್ಗಿಗೆ ಹರಿಯುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಮಳೆಗಾಲದಲ್ಲಿ ನಿಮ್ಮ ಮನೆಯ ಗೋಡೆಯನ್ನು ಒಮ್ಮೆ ನೋಡಿರಿ. ನೆಲದಿಂದ ಎರಡು ಮೂರು ಅಡಿಯವರೆಗೆ ತೇವ ಕಾಣುತ್ತದೆ. ಬಳಿದ ಸುಣ್ಣ ಉಬ್ಬಿ ಉದುರುತ್ತದೆ. ಬಿಳಿಯ ಉಪ್ಪಿನ ಹುಡಿ ಹೊರಗೆ ಬರುತ್ತದೆ. ಈ ನೀರನ್ನು ಮೇಲಕ್ಕೆ ಹೊತ್ತವರು ಯಾರು?

ರಾಮಮೂರ್ತಿನಗರ, ಹೊರಮಾವು, ಕಲ್ಕೆರೆ ಕಡೆ ಕೆರೆಯ ಹತ್ತಿರದ ತಗ್ಗು ನೆಲದಲ್ಲಿ ಮನೆ ಇರುವವರು ಇದನ್ನು ತಿಳಿದಿರಬೇಕು. ವರ್ಷ ವರ್ಷವೂ ಬಣ್ಣಕ್ಕೆ ಹಣ ಸುರಿಯುವುದಕ್ಕಿಂತ ಕಾರಣವನ್ನು ಅರಿಯುವುದು ಮೇಲು.

ದೀಪದ ಬತ್ತಿಯನ್ನು ನೆನೆಯಿರಿ. ಎಣ್ಣೆ ಹಣತೆಯ ತಳದಲ್ಲಿದೆ, ಉರಿ ಬತ್ತಿಯ ತುದಿಯಲ್ಲಿದೆ. ನೂಲಿನ ಎಳೆಗಳ ನಡುವಣ ಸಣ್ಣ ಸಂದುಗಳಲ್ಲಿ ಎಣ್ಣೆ ತಾನಾಗಿ ಏರುತ್ತದೆ. ಇದಕ್ಕೆ ಕೇಶಾಕರ್ಷಣ ಎಂದು ಹೆಸರು. ಕೇಶ, ಅಂದರೆ ಕೂದಲಿನಷ್ಟು ಸಣ್ಣ ದಾರಿಯಲ್ಲಿ ಎಳೆತ. ಇಟ್ಟಿಗೆ, ಮಣ್ಣು, ಗಾರೆ ಇವುಗಳಲ್ಲಿಯೂ ಅಂಥ ದಾರಿಗಳು ಲೆಕ್ಕವಿಲ್ಲದಷ್ಟಿವೆ.

ದಾರಿ ಸಣ್ಣದಾದಷ್ಟೂ ನೀರು ಹೆಚ್ಚು ಎತ್ತರಕ್ಕೆ ಏರುತ್ತದೆ. 1 ಮಿಲಿಮೀಟರ್ ಅಗಲದ ಶುದ್ಧ ಗಾಜಿನ ನಳಿಗೆಯಲ್ಲಿ ಅದು ಸುಮಾರು 3 ಸೆಂಟಿಮೀಟರ್ ಏರುತ್ತದೆ. ಅದರ ಹತ್ತನೆಯ ಒಂದು ಪಾಲು ಅಗಲದ ನಳಿಗೆಯಲ್ಲಿ ಸುಮಾರು 30 ಸೆಂಟಿಮೀಟರ್. ಈ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಜೂರಿನ್ 1718ರಲ್ಲಿ ವಿವರಿಸಿದನು.

ಆದರೆ ಎಲ್ಲ ವಸ್ತುವಿಗೂ ನೀರು ಅಂಟುವುದಿಲ್ಲ. ಶುಭ್ರವಾದ ಗಾಜಿನ ಮೇಲೆ ಬಿದ್ದ ಹನಿ ಹರಡಿಕೊಳ್ಳುತ್ತದೆ. ಕೆಸುವಿನ ಎಲೆಯ ಮೇಲೆ ಅದೇ ಹನಿ ಮುತ್ತಿನಂತೆ ಉರುಳುತ್ತದೆ. ಹನಿಯ ಅಂಚು ಕೆಳಗಿನ ವಸ್ತುವಿನೊಡನೆ, ಹನಿಯ ಒಳಗಡೆ, ಮಾಡುವ ಕೋನಕ್ಕೆ ಸ್ಪರ್ಶಕೋನ ಎನ್ನುತ್ತಾರೆ. ಅದು 90 ಡಿಗ್ರಿಗಿಂತ ಕಡಿಮೆಯಾದರೆ ದ್ರವವು ಸಂದಿನಲ್ಲಿ ಮೇಲೇರುತ್ತದೆ. ಹೆಚ್ಚಾದರೆ ಏರುವ ಬದಲು ಕೆಳಕ್ಕೆ ತಳ್ಳಲ್ಪಡುತ್ತದೆ. ಗಾಜಿನೊಡನೆ ಪಾದರಸದ ಕೋನ ಸುಮಾರು 140 ಡಿಗ್ರಿ. ಆದುದರಿಂದಲೇ ಅದು ಗಾಜಿನ ಸಣ್ಣ ನಳಿಗೆಯಲ್ಲಿ ಇಳಿದು ನಿಲ್ಲುತ್ತದೆ.

ನೀವೇ ಮಾಡಿ ನೋಡಿ

ಒಣಗಿದ ಎರಡು ಇಟ್ಟಿಗೆಗಳನ್ನು ತೆಗೆದುಕೊಳ್ಳಿ. ಒಂದರ ತಳಕ್ಕೂ, ಸುತ್ತ ಎರಡು ಅಂಗುಲದವರೆಗೂ ಕರಗಿಸಿದ ಮೇಣವನ್ನು ದಪ್ಪವಾಗಿ ಬಳಿಯಿರಿ. ಎರಡನ್ನೂ ಒಂದು ಅಂಗುಲ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಬರಿಯ ಇಟ್ಟಿಗೆ ನೀರು ಕುಡಿದಿರುತ್ತದೆ, ಮೇಣದ್ದು ಒಣಗಿಯೇ ಇರುತ್ತದೆ. ನಿಮ್ಮ ಮನೆಗೆ ಬೇಕಾದುದೂ ಇಂಥ ತಡೆಯೇ.

ಏನು ಮಾಡಬೇಕು?

1. ಹೊಸ ಮನೆ ಕಟ್ಟುವವರು ಪಾಯದ ಮೇಲೆ, ಗೋಡೆ ಏಳುವ ಮೊದಲೇ, ಅಗಲಪೂರ್ತಿ ತೇವತಡೆ ಪದರವನ್ನು ಹಾಕಿಸಿರಿ. 1 ಭಾಗ ಸಿಮೆಂಟು, 2 ಭಾಗ ಮರಳು, 4 ಭಾಗ ಸಣ್ಣ ಜಲ್ಲಿ ಸೇರಿಸಿ ಸುಮಾರು 4 ಸೆಂಟಿಮೀಟರ್ ದಪ್ಪ ಹಾಕಿ, ಒಣಗಿದ ಮೇಲೆ ಬಿಸಿ ಡಾಂಬರು ಬಳಿಸುವುದು ವಾಡಿಕೆ. ಅದು ಹೊರಗಿನ ನೆಲಕ್ಕಿಂತ 15 ಸೆಂಟಿಮೀಟರ್ ಆದರೂ ಮೇಲಿರಲಿ. ಮೇಸ್ತ್ರಿ ಇದನ್ನು ಬಿಟ್ಟುಬಿಡದಂತೆ ನೀವೇ ನಿಂತು ನೋಡಿರಿ.

2. ಅಂಗಳಕ್ಕೆ ಮಣ್ಣು ತುಂಬಿಸುವಾಗ ಆ ಪದರ ಮುಚ್ಚಿಹೋಗದಿರಲಿ. ಮುಚ್ಚಿದರೆ ನೀರಿಗೆ ಹೊಸ ದಾರಿಯನ್ನು ನಾವೇ ಮಾಡಿಕೊಟ್ಟಂತೆ.

3. ಹಳೆಯ ಮನೆಯಲ್ಲಿ ಮೊದಲು ಒಡೆದ ಕೊಳಾಯಿ, ಸೋರುವ ಚಾವಣಿ, ಗೋಡೆಯ ಬುಡದಲ್ಲಿ ನಿಲ್ಲುವ ನೀರು, ಇವುಗಳನ್ನು ಪರೀಕ್ಷಿಸಿರಿ. ಬಚ್ಚಲ ನೀರನ್ನು ದೂರ ಹರಿಸಿರಿ.

4. ತೇವದ ಗೋಡೆಗೆ ಗಟ್ಟಿ ಸಿಮೆಂಟು ಗಿಲಾವು ಮಾಡಿಸಬೇಡಿ. ಒಳಗಿನ ನೀರು ಆರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಏರುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ.

5. ಇಷ್ಟಾದರೂ ತೇವ ನಿಲ್ಲದಿದ್ದರೆ, ಗೋಡೆಯ ಬುಡದಲ್ಲಿ ಸಾಲಾಗಿ ರಂಧ್ರ ಕೊರೆದು ಸಿಲೇನ್ ಎಂಬ ನೀರುನಿರೋಧಕವನ್ನು ತುಂಬಿಸುವ ಕ್ರಮವಿದೆ. ಇದು ಸಂದುಗಳನ್ನು ಮುಚ್ಚುವುದಿಲ್ಲ. ಅವುಗಳ ಒಳಮೈಯನ್ನು ಕೆಸುವಿನ ಎಲೆಯಂತೆ ನೀರಿಗೆ ಒಗ್ಗದಂತೆ ಮಾಡುತ್ತದೆ. ಅನುಭವಿಗಳಿಂದಲೇ ಮಾಡಿಸತಕ್ಕದ್ದು.

ಬೆಂಗಳೂರಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಮಳೆ ಹೆಚ್ಚು. ಅದಕ್ಕೆ ಮೊದಲೇ ಗೋಡೆಯ ಬುಡವನ್ನು ನೋಡಿಕೊಳ್ಳಿ. ಬುಡ ಒಣಗಿದ್ದರೆ ಮನೆ ಬಾಳುತ್ತದೆ.